ಕಾಲಚಕ್ರ ಉರುಳಲಿ, ಕಥೆ ಮುಗಿಯಲಿ

2007ರ ಸೆಪ್ಟೆಂಬರ್ 16ರಂದು ಅಮೆರಿಕದ ಕಾದಂಬರಿಕಾರ ರಾಬರ್ಟ್ ಜೋರ್ಡಾನ್ ತೀರಿಕೊಂಡಾಗ ಅವರ ಓದುಗರಿಗೆ ಎರಡು ದುಃಖಗಳು ಒಟ್ಟಿಗೇ ಬಂದವು. ಮೆಚ್ಚಿನ ಲೇಖಕ ಹೋದದ್ದು ಒಂದು. ಇನ್ನೊಂದನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಸಂಕೋಚ. ಕಥೆ ಮುಗಿದಿರಲಿಲ್ಲ! 1990ರ ಜನವರಿಯಲ್ಲಿ ‘ದಿ ಐ ಆಫ್ ದಿ ವರ್ಲ್ಡ್’ ಕಾದಂಬರಿಯಿಂದ ಶುರುವಾದ ‘ದಿ ವೀಲ್ ಆಫ್ ಟೈಮ್’ ಸರಣಿ ಆ ಹೊತ್ತಿಗೆ ಹನ್ನೊಂದು ದಪ್ಪ ಸಂಪುಟಗಳಾಗಿ ಬೆಳೆದಿತ್ತು. ಹನ್ನೆರಡನೆಯದೇ ಕೊನೆಯದು, ಎಷ್ಟೇ ಪುಟವಾದರೂ ಅದರಲ್ಲೇ ಮುಗಿಸುತ್ತೇನೆ ಎಂದು ಜೋರ್ಡಾನ್ ಹೇಳುತ್ತ ಬಂದಿದ್ದರು. ಅಷ್ಟರಲ್ಲಿ ಅಮಿಲಾಯ್ಡೋಸಿಸ್ ಎಂಬ ಅಪರೂಪದ ಕಾಯಿಲೆ ಅವರ ಹೃದಯಕ್ಕೆ ತಗುಲಿತು. ಸಾಯುವಾಗ ಅವರಿಗೆ 58 ವರ್ಷ. ಬದುಕಿನ ಕೊನೆಯ ದಿನಗಳಲ್ಲಿ ಮನೆಯವರನ್ನು ಹತ್ತಿರ ಕೂರಿಸಿಕೊಂಡು ಉಳಿದ ಕಥೆಯನ್ನು ಬಾಯಲ್ಲೇ ಹೇಳಿದರು, ಕೆಲವು ಭಾಗಗಳನ್ನು ಧ್ವನಿಮುದ್ರಿಸಿದರು. ಇಡೀ ಸರಣಿಯ ಕಟ್ಟಕಡೆಯ ದೃಶ್ಯವನ್ನು ಅವರೇ ಬರೆದಿಟ್ಟಿದ್ದರು.

ಜೋರ್ಡಾನರ ಪತ್ನಿ ಹ್ಯಾರಿಯೆಟ್ ಮೆಕ್‌ಡೂಗಲ್ ಈ ಸರಣಿಯ ಸಂಪಾದಕಿಯೂ ಹೌದು. ಬಾಕಿ ಕೆಲಸಕ್ಕೆ ಅವರು ಆರಿಸಿದ್ದು ಬ್ರ್ಯಾಂಡನ್ ಸ್ಯಾಂಡರ್ಸನ್ ಎಂಬ ಯುವ ಲೇಖಕರನ್ನು. ಸ್ಯಾಂಡರ್ಸನ್ ಹದಿಹರೆಯದಿಂದ ಇದೇ ಸರಣಿಯನ್ನು ಓದುತ್ತ ಬೆಳೆದವರು. ಜೋರ್ಡಾನ್ ತೀರಿಕೊಂಡಾಗ ಅವರು ಬರೆದ ಶ್ರದ್ಧಾಂಜಲಿ ಹ್ಯಾರಿಯೆಟ್ ಕಣ್ಣಿಗೆ ಬಿದ್ದದ್ದೇ ಈ ಆಯ್ಕೆಗೆ ಮೊದಲ ಕಾರಣ. ಟಿಪ್ಪಣಿಗಳ ರಾಶಿಯಿಂದ ಒಂದು ಸಂಪುಟ ತೆಗೆಯಲು ಹೊರಟವರು ಮೂರು ಬರೆಯಬೇಕಾಯಿತು. 2013ರ ಜನವರಿ 8ರಂದು ‘ಎ ಮೆಮೊರಿ ಆಫ್ ಲೈಟ್’ ಬಂತು. ಹದಿನಾಲ್ಕು ಸಂಪುಟ, 23 ವರ್ಷ, 40 ಲಕ್ಷಕ್ಕೂ ಹೆಚ್ಚು ಪದ. ಕಾಲೇಜಿನಲ್ಲಿದ್ದಾಗ ಮೊದಲ ಸಂಪುಟ ಹಿಡಿದವರು ಕೊನೆಯದನ್ನು ಹಿಡಿಯುವ ಹೊತ್ತಿಗೆ ನಡುವಯಸ್ಸಿಗೆ ಬಂದಿದ್ದರು.

ಇಂಥ ಸರಣಿಯೊಂದು ಮುಗಿದಾಗ ಓದುಗನಿಗೆ ಆಗುವುದು ಸಂತೋಷವೂ ಹೌದು, ಸಂಕಟವೂ ಹೌದು. ಇದನ್ನು ಲಘುವಾಗಿ ಕಾಣುವವರಿದ್ದಾರೆ. ಇಲ್ಲದ ಊರು, ಇಲ್ಲದ ಜನ, ಮಂತ್ರತಂತ್ರದ ಕಥೆ, ಅದು ಮುಗಿದರೆ ಅಳುವುದೇನು ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸುಲಭದ್ದಲ್ಲ, ಉತ್ತರ ಕೊಡಬೇಕಾದದ್ದೇ. ಒಂದು ಕಾದಂಬರಿ ವಾರದೊಳಗೆ ನಮ್ಮ ಕೈಬಿಟ್ಟು ಹೋಗುತ್ತದೆ. ದೀರ್ಘ ಸರಣಿ ಹಾಗಲ್ಲ. ಒಂದು ಸಂಪುಟಕ್ಕೂ ಮುಂದಿನದಕ್ಕೂ ನಡುವೆ ಎರಡು ಮೂರು ವರ್ಷ ಕಳೆಯುತ್ತವೆ. ಆ ಅವಧಿಯಲ್ಲಿ ಓದುಗನ ಪರೀಕ್ಷೆ, ಕೆಲಸ, ಮದುವೆ, ಮನೆಯ ಸಾವುನೋವು ಎಲ್ಲ ನಡೆಯುತ್ತವೆ, ಕಥೆ ಜೊತೆಗೇ ಇರುತ್ತದೆ. ಹೀಗಾಗಿ ಕೊನೆಯ ಪುಟ ತಿರುಗಿಸಿದಾಗ ಮುಗಿಯುವುದು ಪಾತ್ರಗಳ ಪಯಣವಷ್ಟೇ ಅಲ್ಲ, ಓದುಗನ ಆಯುಸ್ಸಿನ ಒಂದು ಕಾಲವೂ ಅಲ್ಲಿಗೆ ಮುಗಿಯುತ್ತದೆ. ಅಲ್ಲಿ ಎರಡು ಅಗಲಿಕೆಗಳಿವೆ. ಪಾತ್ರಗಳು ತಮ್ಮತಮ್ಮೊಳಗೆ ಅಗಲುವುದು ಕಥೆಯ ಒಳಗಿನದು. ನಾವು ಅವರನ್ನು ಅಗಲುವುದು ಹೊರಗಿನದು. ಒಳ್ಳೆಯ ಅಂತ್ಯ ಮೊದಲನೆಯ ಅಗಲಿಕೆಯನ್ನು ಪ್ರಾಮಾಣಿಕವಾಗಿ ಕಟ್ಟಿಕೊಟ್ಟು ಎರಡನೆಯದಕ್ಕೆ ನಮ್ಮನ್ನು ಸಿದ್ಧಮಾಡುತ್ತದೆ ಎಂಬುದು ನನ್ನ ವಾದ. ಒಳಗೆ ಯಾರೂ ಏನನ್ನೂ ಕಳೆದುಕೊಳ್ಳದ ಕಥೆ ಹೊರಗೆ ನಮ್ಮನ್ನು ಕಳೆದುಕೊಳ್ಳಲು ಬಿಡುವುದಿಲ್ಲ.

ಈ ಬಗೆಯ ಅಂತ್ಯಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಮಾದರಿ ಹಾಕಿಕೊಟ್ಟವರು ಜೆ.ಆರ್.ಆರ್. ಟೋಲ್ಕಿನ್. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಮೂರನೆಯ ಸಂಪುಟ 1955ರ ಅಕ್ಟೋಬರಿನಲ್ಲಿ ಬಂತು. ಉಂಗುರ ನಾಶವಾಗುತ್ತದೆ, ಅರಸನ ಪಟ್ಟಾಭಿಷೇಕವಾಗುತ್ತದೆ, ಮದುವೆ ನಡೆಯುತ್ತದೆ. ಬೇರೆ ಯಾರಾದರೂ ಅಲ್ಲಿಗೆ ಮಂಗಳ ಹಾಡುತ್ತಿದ್ದರು. ಟೋಲ್ಕಿನ್ ಮಾತ್ರ ತಮ್ಮ ಪುಟ್ಟ ನಾಯಕರನ್ನು ಊರಿಗೆ ಕಳಿಸುತ್ತಾರೆ. ಊರಿಗೆ ಬಂದರೆ ಮರಗಳನ್ನು ಕಡಿದುಹಾಕಿದ್ದಾರೆ, ಮನೆಗಳನ್ನು ಕೆಡವಿದ್ದಾರೆ, ಪುಂಡರ ಆಡಳಿತ ನಡೆದಿದೆ. ಊರನ್ನು ಉಳಿಸಲೆಂದು ಹೋದವರಿಗೆ ಊರೇ ಕೆಟ್ಟದ್ದು ಕಾಣುತ್ತದೆ. ಅದನ್ನೂ ಸರಿಪಡಿಸುತ್ತಾರೆ. ಆದರೂ ಉಂಗುರವನ್ನು ಹೊತ್ತಿದ್ದ ಫ್ರೋಡೊನ ಗಾಯ ಮಾಯುವುದಿಲ್ಲ. ವರ್ಷವರ್ಷವೂ ಅದೇ ದಿನ ನೋವು ಮರಳುತ್ತದೆ. ತಾನು ಉಳಿಸಿದ ನೆಲದಲ್ಲಿ ತಾನೇ ಬಾಳಲಾರದೆ ಅವನು ಹಡಗು ಹತ್ತುತ್ತಾನೆ, ಗೆಳೆಯ ಸ್ಯಾಮ್ ಮನೆಗೆ ಮರಳುತ್ತಾನೆ.

ಪೀಟರ್ ಜಾಕ್ಸನ್ 2003ರಲ್ಲಿ ಮಾಡಿದ ಚಲನಚಿತ್ರ ಹನ್ನೊಂದು ಆಸ್ಕರ್ ಗೆದ್ದಿತು. ಬೀಳ್ಕೊಡುಗೆಯ ದೃಶ್ಯ ಅದರಲ್ಲಿ ಇದೆ, ಊರು ಕೆಟ್ಟ ಅಧ್ಯಾಯ ಇಲ್ಲ. ಚಿತ್ರದ ಉದ್ದ ನೋಡಿದರೆ ಆ ಕತ್ತರಿ ಅರ್ಥವಾಗುತ್ತದೆ. ಆದರೂ ವಾದದ ಒಂದು ಕೊಂಡಿ ಕಳಚಿತು. ಕಾದಂಬರಿಯಲ್ಲಿ ಯುದ್ಧದ ಬೆಲೆಯನ್ನು ಊರೂ ತೆತ್ತಿದೆ. ಚಿತ್ರದಲ್ಲಿ ಊರು ಬಿಟ್ಟುಹೋದಂತೆಯೇ ಹಸಿರಾಗಿ ಕಾದಿರುತ್ತದೆ, ಫ್ರೋಡೊನ ನೋವು ಅವನೊಬ್ಬನ ಖಾಸಗಿ ಕೊರಗಾಗಿ ಉಳಿಯುತ್ತದೆ.

ಇಲ್ಲೊಂದು ಆಕ್ಷೇಪವನ್ನು ಟೋಲ್ಕಿನ್ನರ ಹೆಸರಿನಲ್ಲೇ ಎತ್ತಬಹುದು. 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದಲ್ಲಿ ಅವರು ಅದ್ಭುತ ಕಥೆಗಳ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ಸಾಂತ್ವನ ಕೊಡುವ ಸುಖಾಂತ್ಯವೇ ಅಂಥ ಕಥೆಗಳ ಪರಮ ಪ್ರಯೋಜನ ಎಂಬುದು ಅದರ ತಿರುಳು. ಹಾಗಿದ್ದರೆ ಕಹಿಯನ್ನು ಹೊಗಳುವುದೇಕೆ? ಅದೇ ಪ್ರಬಂಧವನ್ನು ಪೂರ್ತಿ ಓದಿದರೆ ಉತ್ತರ ಸಿಗುತ್ತದೆ. ಸೋಲುವ, ಸಾಯುವ ಸಾಧ್ಯತೆಯನ್ನು ಒಪ್ಪಿಕೊಂಡ ಕಥೆಯಲ್ಲೇ ಆ ಆನಂದಕ್ಕೆ ಮೊನೆ ಬರುತ್ತದೆ ಎಂದೂ ಅವರು ವಾದಿಸುತ್ತಾರೆ. 1916ರಲ್ಲಿ ಫ್ರಾನ್ಸಿನ ಸೋಮ್ ಕದನದಲ್ಲಿ ಇದ್ದವರು ಅವರು. 1918ರ ಹೊತ್ತಿಗೆ ತಮ್ಮ ಆಪ್ತ ಗೆಳೆಯರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಸತ್ತಿದ್ದರು ಎಂದು ಕಾದಂಬರಿಯ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ಕಥೆಯನ್ನು ನೇರವಾಗಿ ಯುದ್ಧದ ರೂಪಕವೆಂದು ಓದುವುದು ಅವರಿಗೆ ಇಷ್ಟವಿರಲಿಲ್ಲ, ಆ ಮಾತನ್ನು ಗೌರವಿಸೋಣ. ಗೆದ್ದು ಬಂದವನು ಹೋದವನೇ ಆಗಿ ಬರುವುದಿಲ್ಲ ಎಂಬ ಅರಿವು ಮಾತ್ರ ಅವರಿಗೆ ಪುಸ್ತಕದಿಂದ ಬಂದದ್ದಲ್ಲ.

ಜೋರ್ಡಾನ್ ಕೂಡ ಸೈನಿಕರೇ. ಜೇಮ್ಸ್ ಆಲಿವರ್ ರಿಗ್ನಿ ಎಂಬುದು ಅವರ ನಿಜ ಹೆಸರು. ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್ನಿನಲ್ಲಿ 1948ರಲ್ಲಿ ಹುಟ್ಟಿದವರು, ವಿಯೆಟ್ನಾಂ ಯುದ್ಧದಲ್ಲಿ ಎರಡು ಅವಧಿ ಹೆಲಿಕಾಪ್ಟರ್‌ನ ಬಂದೂಕು ಹಿಡಿದವರು, ಆಮೇಲೆ ಭೌತಶಾಸ್ತ್ರ ಓದಿ ಪರಮಾಣು ಎಂಜಿನಿಯರ್ ಆದವರು. ಅವರ ನಾಯಕ ರ‍್ಯಾಂಡ್ ಅಲ್‌ಥಾರ್ ಒಬ್ಬ ಹಳ್ಳಿ ಹುಡುಗ. ಜಗತ್ತನ್ನು ಉಳಿಸುವುದು ತನ್ನ ರಕ್ತವೇ ಎಂಬ ಭವಿಷ್ಯವಾಣಿಯನ್ನು ಹೊತ್ತು ಹದಿನಾಲ್ಕು ಸಂಪುಟ ನಡೆಯುತ್ತಾನೆ. ಒಂದು ಕೈ ಕಳೆದುಕೊಳ್ಳುತ್ತಾನೆ, ಬುದ್ಧಿಯ ಸ್ವಾಸ್ಥ್ಯವನ್ನು ಕಳೆದುಕೊಳ್ಳುವ ಅಂಚಿಗೆ ಹೋಗುತ್ತಾನೆ, ಹನ್ನೆರಡನೆಯ ಸಂಪುಟದ ಕೊನೆಯಲ್ಲಿ ಜಗತ್ತನ್ನೇ ಸುಟ್ಟುಬಿಡುವ ಗಳಿಗೆಗೆ ತಲುಪಿ ಹಿಂದೆ ಸರಿಯುತ್ತಾನೆ.

ಕೊನೆಯ ಸಂಪುಟದಲ್ಲಿ ಅವನೆದುರು ಇರುವುದು ಕೇಡಿನ ಮೂಲವನ್ನೇ ಕೊಂದುಹಾಕುವ ಅವಕಾಶ. ಓದುಗರೂ ಅದನ್ನೇ ಬಯಸಿದ್ದರು. ಕೇಡೇ ಇಲ್ಲದ ಲೋಕ ಹೇಗಿರುತ್ತದೆಂದು ಅವನಿಗೆ ಕಾಣಿಸುತ್ತದೆ. ಅಲ್ಲಿ ಎಲ್ಲರೂ ನಗುತ್ತಿದ್ದಾರೆ, ಆದರೆ ಕಣ್ಣುಗಳಲ್ಲಿ ಜೀವವಿಲ್ಲ. ತಪ್ಪು ಮಾಡಲಾರದವರು ಒಳ್ಳೆಯದನ್ನು ಆರಿಸಿಕೊಳ್ಳಲೂ ಆರರು. ರ‍್ಯಾಂಡ್ ಶತ್ರುವನ್ನು ಕೊಲ್ಲದೆ ಮತ್ತೆ ಸೆರೆಗೆ ತಳ್ಳುತ್ತಾನೆ. ಹದಿನಾಲ್ಕು ಸಂಪುಟಗಳ ಹೋರಾಟದ ಫಲ ಪೂರ್ಣ ವಿಜಯವಲ್ಲ, ಮತ್ತೆ ಮತ್ತೆ ಹೋರಾಡುವ ಹಕ್ಕು. ಅವನ ಊರಿನವಳೇ ಆದ ಎಗ್ವೇನ್, ಮಂತ್ರಶಕ್ತಿಯುಳ್ಳ ಮಹಿಳೆಯರ ಸಂಘದ ಮುಖ್ಯಸ್ಥೆಯಾಗಿ ಬೆಳೆದವಳು, ಆ ಕದನದಲ್ಲಿ ಸಾಯುತ್ತಾಳೆ. ಗೆದ್ದ ರ‍್ಯಾಂಡ್‌ಗೆ ಅವನ ದೇಹವೂ ಉಳಿಯುವುದಿಲ್ಲ. ಬೇರೊಬ್ಬನ ಮುಖ ಹೊತ್ತು, ಸತ್ತನೆಂದು ಲೋಕ ನಂಬಿರುವಾಗ, ಕುದುರೆ ಏರಿ ಹೊರಟುಹೋಗುತ್ತಾನೆ. ಅವನನ್ನು ಬಲ್ಲವರು ಕೈಬೆರಳೆಣಿಕೆಯಷ್ಟು ಜನ. ಜೋರ್ಡಾನ್ ತಾವೇ ಬರೆದಿಟ್ಟಿದ್ದ ದೃಶ್ಯ ಇದು.

ಆ ಕೊನೆಯ ಸಂಪುಟ ಬಿಡಿಸದೆ ಬಿಟ್ಟ ಗಂಟುಗಳೂ ಇವೆ. ಸಮುದ್ರದಾಚೆಯಿಂದ ಬಂದು ಮಂತ್ರಶಕ್ತಿಯುಳ್ಳ ಹೆಂಗಸರನ್ನು ಗುಲಾಮರಾಗಿ ಕಟ್ಟಿಹಾಕುವ ಶಾಂಚನ್ ಸಾಮ್ರಾಜ್ಯ ಕಥೆ ಮುಗಿದಾಗಲೂ ಗಟ್ಟಿಯಾಗಿಯೇ ಇದೆ. ಯುದ್ಧವಾದ ಮೇಲೆ ಯಾವ ನಾಡಿನ ಗತಿ ಏನಾಯಿತೆಂದು ಹೇಳುವ ಅಧ್ಯಾಯಗಳಿಲ್ಲ. ಇದರಿಂದ ಬೇಸರಗೊಂಡ ಓದುಗರು ಬಹಳ. ನನಗೆ ಇದು ಸರಿಯಾದ ನಿಲುಗಡೆಯೆಂದೇ ತೋರುತ್ತದೆ. ಒಬ್ಬ ನಾಯಕ ಗೆದ್ದ ಮಾತ್ರಕ್ಕೆ ಗುಲಾಮಗಿರಿ ಅಳಿಯುವ ಲೋಕ ನಂಬಲು ಯೋಗ್ಯವಲ್ಲ. ಕೇಡನ್ನು ಪೂರ್ತಿ ಅಳಿಸಲಾಗದು ಎಂದು ಕಥೆಯ ಶಿಖರದಲ್ಲಿ ಹೇಳಿದ ಲೇಖಕ ಮುಂದಿನ ಪುಟದಲ್ಲೇ ಎಲ್ಲ ಲೆಕ್ಕ ಚುಕ್ತಾ ಮಾಡಿದ್ದರೆ ತನ್ನ ಮಾತಿಗೆ ತಾನೇ ತಪ್ಪಿದಂತಾಗುತ್ತಿತ್ತು.

ಗೆಲುವಿನ ಮುಂದಿನ ಅಧ್ಯಾಯವನ್ನು ಹೇಳಬೇಕೆ ಬೇಡವೆ ಎಂಬುದು ಕನ್ನಡಕ್ಕೆ ಹೊಸ ಚರ್ಚೆಯಲ್ಲ. ವ್ಯಾಸರ ಭಾರತ ಪಟ್ಟಾಭಿಷೇಕಕ್ಕೆ ನಿಲ್ಲುವುದಿಲ್ಲ. ಯುದ್ಧವಾಗಿ 36 ವರ್ಷಕ್ಕೆ ಯಾದವರು ತಮ್ಮತಮ್ಮೊಳಗೆ ಹೊಡೆದಾಡಿ ಅಳಿಯುತ್ತಾರೆ. ಕೃಷ್ಣ ಬೇಡನ ಬಾಣಕ್ಕೆ ಬೀಳುತ್ತಾನೆ. ದ್ವಾರಕೆಯ ಹೆಂಗಸರನ್ನು ಕಾಪಾಡಲು ಹೊರಟ ಅರ್ಜುನನಿಗೆ ಗಾಂಡೀವ ಒಲಿಯುವುದಿಲ್ಲ. ಆಮೇಲೆ ಮಹಾಪ್ರಸ್ಥಾನ. ಕನ್ನಡದ ಆದಿಕವಿ ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಇದಾವುದೂ ಇಲ್ಲ, ಅದು ಪಟ್ಟಾಭಿಷೇಕದ ಸಂಭ್ರಮದಲ್ಲಿ ಮುಗಿಯುತ್ತದೆ. ಕಾರಣ ಎಲ್ಲರಿಗೂ ಗೊತ್ತು. ಪಂಪನ ಅರ್ಜುನ ಆಶ್ರಯದಾತ ಅರಿಕೇಸರಿಯೂ ಹೌದು. ರನ್ನನ ಭೀಮ ಸತ್ಯಾಶ್ರಯನೂ ಹೌದು. ಸಿಂಹಾಸನದಲ್ಲಿ ಕೂತ ದೊರೆಯನ್ನು ಹಿಮಾಲಯದ ದಾರಿಯಲ್ಲಿ ಬೀಳಿಸಿ ಸಾಯಿಸುವುದು ಆಸ್ಥಾನಕವಿಗೆ ಆಗುವ ಮಾತಲ್ಲ. ಪಂಪ ಮಹಾಕವಿ, ಕರ್ಣನನ್ನು ಹಾಡುವಾಗ ಅವನು ಕಹಿಯನ್ನೆಲ್ಲ ಬಲ್ಲ. ಆದರೂ ಅಂತ್ಯವನ್ನು ನಿರ್ಧರಿಸಿದ್ದು ಆಶ್ರಯ.

ಈಗಿನ ಆಶ್ರಯದಾತ ಮಾರುಕಟ್ಟೆ. ಅದಕ್ಕೂ ನಾಯಕ ಸಾಯುವುದು ಬೇಡ, ಕಥೆ ಮುಗಿಯುವುದಂತೂ ಬೇಡವೇ ಬೇಡ. ಜೋರ್ಡಾನರ ಮೊದಲ ಯೋಜನೆ ಇಷ್ಟು ಉದ್ದದ್ದಾಗಿರಲಿಲ್ಲ. ಸರಣಿ ಬೆಳೆಯುತ್ತ ಹೋಯಿತು, ನಡುವಿನ ಸಂಪುಟಗಳಲ್ಲಿ ವೇಗ ಕುಂದಿತು. 2003ರಲ್ಲಿ ಬಂದ ಹತ್ತನೆಯ ಸಂಪುಟದಲ್ಲಿ ಕಥೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ ಎಂದು ಅಭಿಮಾನಿಗಳೇ ರೇಗಿದರು. ಮುಗಿಸುವುದು ಬರೆಯುವುದಕ್ಕಿಂತ ಕಠಿಣವಾದ ಶಿಸ್ತು. ಯಾವ ಪಾತ್ರವನ್ನು ಬಿಡಬೇಕು, ಯಾವ ಎಳೆಯನ್ನು ಕತ್ತರಿಸಬೇಕು ಎಂಬ ನಿಷ್ಠುರತೆ ಅದಕ್ಕೆ ಬೇಕು. ಓದುಗನ ಪ್ರೀತಿಯೇ ಆ ನಿಷ್ಠುರತೆಗೆ ದೊಡ್ಡ ಅಡ್ಡಿ.

ಜೋರ್ಡಾನ್ ತೀರಿಕೊಳ್ಳುವ ಎರಡು ತಿಂಗಳ ಹಿಂದೆ, 2007ರ ಜುಲೈ 21ರಂದು, ಜೆ.ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಸರಣಿಯ ಏಳನೆಯ ಮತ್ತು ಕೊನೆಯ ಕಾದಂಬರಿ ಬಂದಿತ್ತು. ಆ ಕಾದಂಬರಿಯಲ್ಲಿ ಸಾವುಗಳಿಗೆ ಕೊರತೆಯಿಲ್ಲ. ಹ್ಯಾರಿ ತಾನಾಗಿ ಸಾವಿನೆದುರು ಹೋಗಿ ನಿಲ್ಲುವ ಕಾಡಿನ ಅಧ್ಯಾಯ ಸರಣಿಯಲ್ಲೇ ಅತ್ಯುತ್ತಮ. ಆದರೆ ಅದಾದ ಮೇಲೆ ಹತ್ತೊಂಬತ್ತು ವರ್ಷ ಮುಂದಕ್ಕೆ ಹಾರಿದ ಉಪಸಂಹಾರವೊಂದಿದೆ. ಯಾರು ಯಾರನ್ನು ಮದುವೆಯಾದರು, ಮಕ್ಕಳಿಗೆ ಯಾರ ಹೆಸರಿಟ್ಟರು ಎಂಬುದೆಲ್ಲ ಅಲ್ಲಿ ಗೊತ್ತಾಗುತ್ತದೆ. ಸತ್ತವರ ಹೆಸರುಗಳು ಮಕ್ಕಳಲ್ಲಿ ಮರಳಿ, ಸಾವು ಬಿಟ್ಟ ಖಾಲಿ ಜಾಗವೂ ತುಂಬಿಹೋಗುತ್ತದೆ. ಓದುಗನ ಕಲ್ಪನೆಗೆ ಬಿಟ್ಟದ್ದು ಬಹಳ ಕಡಿಮೆ. ಆಮೇಲೆ 2016ರಲ್ಲಿ ನಾಟಕ ಬಂತು, ಅದೇ ವರ್ಷದಿಂದ ಹಿಂದಿನ ಕಾಲದ ಕಥೆ ಹೇಳುವ ಚಿತ್ರಸರಣಿ ಬಂತು. ಇದಕ್ಕೆಲ್ಲ ಉಪಸಂಹಾರವೊಂದೇ ಕಾರಣ ಎಂದು ನಾನು ಹೇಳುವುದಿಲ್ಲ, ವ್ಯಾಪಾರದ ತರ್ಕ ಬೇರೆಯೇ ಇದೆ. ಆದರೆ ಎಲ್ಲವನ್ನೂ ಹೇಳಿಬಿಡುವ ಅಂತ್ಯ ಓದುಗನಲ್ಲಿ ಇನ್ನೂ ಹೇಳಲಿ ಎಂಬ ಚಪಲವನ್ನೇ ಬೆಳೆಸುತ್ತದೆ.

ಹಾಗೆಂದು ಕಹಿಯಿದ್ದ ಮಾತ್ರಕ್ಕೆ ಅಂತ್ಯ ಒಳ್ಳೆಯದಾಗುವುದಿಲ್ಲ. ‘ಗೇಮ್ ಆಫ್ ಥ್ರೋನ್ಸ್’ ಟಿ.ವಿ. ಸರಣಿ 2019ರ ಮೇ 19ರಂದು ಮುಗಿದಾಗ ಅದರಲ್ಲಿ ಕಹಿ ಬೇಕಾದಷ್ಟಿತ್ತು. ಗುಲಾಮರನ್ನು ಬಿಡಿಸಿದ ರಾಣಿಯೇ ಶರಣಾದ ನಗರವನ್ನು ಸುಟ್ಟಳು, ಪ್ರೀತಿಸಿದವನ ಕೈಯಲ್ಲೇ ಸತ್ತಳು. ಕೊನೆಯ ಭಾಗವನ್ನು ಹೊಸದಾಗಿ ಮಾಡಿ ಎಂಬ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಅವರೆಲ್ಲ ಸುಖಾಂತ್ಯಕ್ಕಾಗಿ ಅತ್ತವರೆಂದು ತಿಳಿಯಬೇಕಿಲ್ಲ. ಆ ಸರಣಿಯ ನೋಡುಗರು ಮೊದಲ ವರ್ಷದಲ್ಲೇ ಪ್ರೀತಿಯ ಪಾತ್ರದ ತಲೆ ಉರುಳಿದ್ದನ್ನು ಸಹಿಸಿದವರು. ಅವರ ದೂರು ಅವಸರದ ಬಗ್ಗೆ. ವರ್ಷಗಟ್ಟಲೆ ನಿಧಾನವಾಗಿ ಕಟ್ಟಿದ ಪಾತ್ರವನ್ನು ಕೆಲವೇ ಕಂತುಗಳಲ್ಲಿ ತಿರುಗಿಸಿದ್ದರು. ರ‍್ಯಾಂಡ್‌ನ ಕೊನೆಯ ಆಯ್ಕೆಯ ಹಿಂದೆ ಅವನ ಹಿಂದಿನ ಎಲ್ಲ ತಪ್ಪುಗಳೂ ನಿಂತಿವೆ. ಫ್ರೋಡೊನ ಗಾಯ ನೂರಾರು ಪುಟಗಳ ಹಿಂದೆಯೇ ಆದದ್ದು. ಕಹಿ ಕೊನೆಗೆ ಸುರಿದದ್ದಾದರೆ ಆಘಾತ, ಬೇರಿನಿಂದ ಏರಿ ಬಂದದ್ದಾದರೆ ದುಃಖ. ಆಘಾತವನ್ನು ನಾವು ದೂರುತ್ತೇವೆ, ದುಃಖವನ್ನು ಒಪ್ಪಿಕೊಳ್ಳುತ್ತೇವೆ.

ಒಳಗಿನ ಅಗಲಿಕೆ ಹೊರಗಿನದಕ್ಕೆ ಪಾಠವಾಗುವುದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದವರು ಇಂಗ್ಲೆಂಡಿನ ಫಿಲಿಪ್ ಪುಲ್‌ಮನ್. 2000ದಲ್ಲಿ ಬಂದ ‘ದಿ ಆಂಬರ್ ಸ್ಪೈಗ್ಲಾಸ್’ನ ಕೊನೆಯಲ್ಲಿ ಲೈರಾ, ವಿಲ್ ಎಂಬ ಹದಿಹರೆಯದ ಪ್ರೇಮಿಗಳು ತಮ್ಮತಮ್ಮ ಲೋಕಗಳಿಗೆ ಮರಳಲೇಬೇಕು, ಮತ್ತೆಂದೂ ಭೇಟಿಯಾಗುವಂತಿಲ್ಲ. ಎರಡೂ ಲೋಕಗಳಲ್ಲಿರುವ ಆಕ್ಸ್‌ಫರ್ಡಿನ ಸಸ್ಯೋದ್ಯಾನದ ಒಂದೇ ಬೆಂಚಿನ ಮೇಲೆ ವರ್ಷಕ್ಕೊಮ್ಮೆ, ನಡುಬೇಸಿಗೆಯ ದಿನ, ಒಂದು ಗಂಟೆ ಕೂರುವುದೆಂದು ಮಾತು ಮಾಡಿಕೊಳ್ಳುತ್ತಾರೆ. ಪಕ್ಕದಲ್ಲೇ ಇದ್ದಾರೆ, ಕಾಣುವುದಿಲ್ಲ, ಮುಟ್ಟಲಾಗುವುದಿಲ್ಲ. ಆ ಉದ್ಯಾನಕ್ಕೆ ಓದುಗರು ಹುಡುಕಿಕೊಂಡು ಹೋಗಿ ಬೆಂಚಿನ ಮೇಲೆ ಕೂತು ಬರುತ್ತಾರೆ. ಕಥೆಯ ಪಾತ್ರಗಳೊಡನೆ ಇನ್ನು ಮುಂದೆ ತಮ್ಮ ಸಂಬಂಧ ಯಾವ ಬಗೆಯದು ಎಂಬುದು ಅವರಿಗೆ ಲೈರಾಳಿಂದಲೇ ತಿಳಿದಿದೆ.

ಇನ್ನು ಬೇರೊಬ್ಬರ ಕೈಯಿಂದ ಕಥೆ ಮುಗಿಸುವ ಪ್ರಶ್ನೆ. ಲೇಖಕ ಸತ್ತರೆ ಕಥೆಯೂ ಅಲ್ಲಿಗೇ ನಿಲ್ಲಬೇಕು ಎನ್ನುವ ನಿಲುವಿಗೂ ಘನತೆಯಿದೆ. ಅದಕ್ಕೆ ದೊಡ್ಡ ಉದಾಹರಣೆ ಟೆರಿ ಪ್ರಾಚೆಟ್. 41 ಡಿಸ್ಕ್‌ವರ್ಲ್ಡ್ ಕಾದಂಬರಿಗಳನ್ನು ಬರೆದ ಪ್ರಾಚೆಟ್ 2015ರ ಮಾರ್ಚ್ 12ರಂದು, ವರ್ಷಗಳ ಕಾಲ ಆಲ್ಝೈಮರ್ ಕಾಯಿಲೆಯೊಡನೆ ಸೆಣಸಿ, ತೀರಿಕೊಂಡರು. ಇನ್ನು ಮುಂದೆ ಡಿಸ್ಕ್‌ವರ್ಲ್ಡ್ ಕಾದಂಬರಿಗಳಿಲ್ಲ ಎಂದು ಮಗಳು ರಿಯಾನಾ ಹೇಳಿದರು. ಅಪೂರ್ಣ ಬರಹಗಳಿದ್ದ ಹಾರ್ಡ್ ಡಿಸ್ಕನ್ನು ಪ್ರಾಚೆಟ್ಟರ ಇಚ್ಛೆಯಂತೆ 2017ರ ಆಗಸ್ಟಿನಲ್ಲಿ ರಸ್ತೆ ರೋಲರ್ ಕೆಳಗೆ ಹಾಕಿ ಪುಡಿಮಾಡಲಾಯಿತು. ಆದರೆ ಎರಡು ಸಂದರ್ಭಗಳ ವ್ಯತ್ಯಾಸ ಗಮನಿಸಬೇಕು. ಡಿಸ್ಕ್‌ವರ್ಲ್ಡ್ ಕಾದಂಬರಿಗಳು ಬಹುಮಟ್ಟಿಗೆ ಒಂದೊಂದೂ ಸ್ವತಂತ್ರ. ಮುರಿದ ಮಾತು ಅಲ್ಲಿ ಯಾವುದೂ ಇರಲಿಲ್ಲ. ಕೊನೆಯದಾದ ‘ದಿ ಶೆಪರ್ಡ್ಸ್ ಕ್ರೌನ್’ನಲ್ಲಿ ಗ್ರ್ಯಾನಿ ವೆದರ್‌ವ್ಯಾಕ್ಸ್ ಎಂಬ ಹಿರಿಯ ಮಾಟಗಾತಿ ಮನೆ ಗುಡಿಸಿ, ಎಲ್ಲವನ್ನೂ ಒಪ್ಪವಾಗಿಟ್ಟು ಸಾಯುತ್ತಾಳೆ. ಪ್ರಾಚೆಟ್ ಬೀಳ್ಕೊಟ್ಟೇ ಹೋಗಿದ್ದರು. ಜೋರ್ಡಾನರದು ಒಂದೇ ಅಖಂಡ ಕಥೆ, ಕೊನೆಯ ಯುದ್ಧ ಬರುತ್ತದೆಂದು ಮೊದಲ ಸಂಪುಟದಲ್ಲೇ ಕೊಟ್ಟ ಮಾತು. ಆ ಸಾಲ ತೀರಿಸಬೇಕೆಂಬುದು ಅವರದೇ ಬಯಕೆಯಾಗಿತ್ತು.

ನಮ್ಮ ನೆಲದಲ್ಲಿ ಇದಕ್ಕೆ ಮೇಲ್ಪಂಕ್ತಿ ಇದೆ. ರಾಷ್ಟ್ರಕೂಟರ ಕಾಲದ ಜಿನಸೇನಾಚಾರ್ಯರು ಗುರು ವೀರಸೇನರು ಬಿಟ್ಟುಹೋದ ‘ಜಯಧವಲ’ ವ್ಯಾಖ್ಯಾನವನ್ನು ಪೂರ್ತಿಮಾಡಿದರು. ಮುಂದೆ ಅವರದೇ ಸಂಸ್ಕೃತ ಆದಿಪುರಾಣ ಅರ್ಧಕ್ಕೆ ನಿಂತಾಗ ಶಿಷ್ಯ ಗುಣಭದ್ರರು ಅದನ್ನು ಮುಗಿಸಿದರು. ಗುರುವಿನ ಭಾಗದ ರಸ ತಮ್ಮ ಭಾಗಕ್ಕೆ ಬಾರದೇನೋ ಎಂಬ ಅಳುಕನ್ನು ಹೇಳಿಕೊಂಡೇ ಗುಣಭದ್ರರು ಕೆಲಸಕ್ಕೆ ಕೈಹಾಕಿದ್ದರು. ಕುಮಾರವ್ಯಾಸ ಗದಾಪರ್ವದವರೆಗಿನ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಮುಂದುವರಿಸಿ ಪೂರೈಸಿದ. ತಿಮ್ಮಣ್ಣಕವಿ ಕುಮಾರವ್ಯಾಸನಲ್ಲ ಎಂಬುದನ್ನು ಯಾರೂ ಹೇಳಬೇಕಾಗಿಲ್ಲ. ಆದರೂ ಕನ್ನಡದ ಓದುಗನಿಗೆ ಉಳಿದ ಪರ್ವಗಳು ಸಿಕ್ಕವು.

ಸ್ಯಾಂಡರ್ಸನ್ ಕೂಡ ಜೋರ್ಡಾನ್ ಅಲ್ಲ. ಅವರ ವಾಕ್ಯಗಳು ಚುರುಕು, ವರ್ಣನೆ ತೆಳು. ಮ್ಯಾಟ್ ಎಂಬ ತುಂಟ ಪಾತ್ರದ ಹಾಸ್ಯ ಹನ್ನೆರಡನೆಯ ಸಂಪುಟದಲ್ಲಿ ಹದ ತಪ್ಪಿದೆ ಎಂದು ಓದುಗರು ಹೇಳಿದ್ದನ್ನು ಅವರೇ ಒಪ್ಪಿಕೊಂಡರು. ಕೊನೆಯ ಸಂಪುಟದಲ್ಲಿ ಸುಮಾರು 80,000 ಪದಗಳ ಒಂದೇ ಅಧ್ಯಾಯದಲ್ಲಿ ಮಹಾಯುದ್ಧ ನಡೆಸಿದರು. ಮೂಲ ಲೇಖಕ ಹೀಗೆ ಬರೆಯುತ್ತಿದ್ದರೋ ಇಲ್ಲವೋ, ಬಿಡುವಿಲ್ಲದ ಆ ಅಧ್ಯಾಯ ಓದುಗನನ್ನೂ ಸೈನಿಕನಂತೆ ದಣಿಸುತ್ತದೆ. ಎಲ್ಲಕ್ಕಿಂತ ಮೆಚ್ಚಬೇಕಾದ್ದು ಅವರು ಬರೆಯದೆ ಬಿಟ್ಟದ್ದನ್ನು. ಮ್ಯಾಟ್‌ನ ಮುಂದಿನ ಬದುಕಿನ ಕುರಿತು ಇನ್ನೂ ಮೂರು ಕಾದಂಬರಿ ಬರೆಯುವ ಆಲೋಚನೆ ಜೋರ್ಡಾನರಿಗಿತ್ತು. ಟಿಪ್ಪಣಿಗಳು ಒಂದೆರಡು ವಾಕ್ಯಗಳಷ್ಟೇ. ಬರೆದಿದ್ದರೆ ಲಕ್ಷಗಟ್ಟಲೆ ಮಾರಾಟವಾಗುತ್ತಿದ್ದವು. ಸ್ಯಾಂಡರ್ಸನ್ ಬೇಡವೆಂದರು. ಲೇಖಕ ಕೊಟ್ಟ ಮಾತನ್ನು ಪೂರೈಸುವುದಕ್ಕೂ ಲೇಖಕನ ಹೆಸರಿನಲ್ಲಿ ಹೊಸ ಮಾತು ಕೊಡುವುದಕ್ಕೂ ಇರುವ ಗೆರೆ ಅದು.

ಪಯಣವೇ ಮುಖ್ಯ, ಅಂತ್ಯವೇನು ಮಹಾ ಎನ್ನುವವರಿಗೂ ಒಂದು ಮಾತು. ‘ಗೇಮ್ ಆಫ್ ಥ್ರೋನ್ಸ್’ಗೆ ಮೂಲವಾದ ಜಾರ್ಜ್ ಆರ್.ಆರ್. ಮಾರ್ಟಿನ್ನರ ಕಾದಂಬರಿ ಸರಣಿಯ ಐದನೆಯ ಸಂಪುಟ 2011ರಲ್ಲಿ ಬಂತು. ಆರನೆಯದಕ್ಕೆ ಓದುಗರು ಹತ್ತು ವರ್ಷಕ್ಕೂ ಮೀರಿ ಕಾದರು. ಟೋಲ್ಕಿನ್ನರಂತೆ ಸಿಹಿಕಹಿ ಬೆರೆತ ಅಂತ್ಯ ಕೊಡುವುದೇ ತಮ್ಮ ಆಸೆ ಎಂದು ಮಾರ್ಟಿನ್ ಹೇಳಿದ್ದಾರೆ. ಆ ಐದು ಸಂಪುಟಗಳ ಸೊಗಸು ಕಡಿಮೆಯೇನಲ್ಲ. ಆದರೆ ಅಂತ್ಯ ಬರುವ ತನಕ ಅಲ್ಲಿಯ ಯಾವ ಸಾವಿನ ಅರ್ಥವೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಮೊದಲ ಸಂಪುಟದಲ್ಲಿ ಸತ್ತವನು ಏತಕ್ಕಾಗಿ ಸತ್ತ ಎಂಬುದನ್ನು ಹೇಳಬೇಕಾದ್ದು ಕೊನೆಯ ಸಂಪುಟ. ‘ದಿ ವೀಲ್ ಆಫ್ ಟೈಮ್’ ಪರದೆಯ ಮೇಲೆ ಬಂದದ್ದೂ ಮೂರು ಭಾಗಕ್ಕೆ 2025ರಲ್ಲಿ ನಿಂತುಹೋಯಿತು. ಅದರಿಂದ ನಿರಾಶರಾದವರಿಗೆ ಪುಸ್ತಕಗಳಿವೆ. ಪುಸ್ತಕಗಳೇ ನಿಂತಿದ್ದರೆ ಹೋಗಲು ಬೇರೆ ಜಾಗವಿರಲಿಲ್ಲ.

ಯಾವ ಅಂತ್ಯವೂ ಕಟ್ಟಕಡೆಯದಲ್ಲ ಎಂಬುದನ್ನೂ ಒಪ್ಪಬೇಕು. ಉರ್ಸುಲಾ ಲೆ ಗ್ವಿನ್ 1972ರಲ್ಲಿ ಅರ್ತ್‌ಸೀ ಸರಣಿಯ ಮೂರನೆಯ ಕಾದಂಬರಿಯಲ್ಲಿ ಮಾಂತ್ರಿಕ ಗೆಡ್‌ನ ಶಕ್ತಿಯನ್ನೆಲ್ಲ ಬರಿದುಮಾಡಿ ಕಥೆ ಮುಗಿಸಿದರು. 1990ರಲ್ಲಿ ‘ತೆಹಾನು’ ಬರೆದು ಇದೇ ಕೊನೆಯ ಪುಸ್ತಕವೆಂದು ಮುಖಪುಟದಲ್ಲೇ ಸಾರಿದರು. 2001ರಲ್ಲಿ ಮತ್ತೆರಡು ಬಂದವು. ಅವರ ಮರಳಿಕೆಯನ್ನು ನಾನು ಮಾರುಕಟ್ಟೆಯ ಮರಳಿಕೆಯೊಡನೆ ಸೇರಿಸುವುದಿಲ್ಲ. ಅವರು ಹಳೆಯ ಗೆಲುವುಗಳನ್ನು ಬೆಳೆಸಲು ಬರಲಿಲ್ಲ. ಶಕ್ತಿ ಕಳೆದುಕೊಂಡ ಗಂಡಸು ಹೇಗೆ ಬದುಕುತ್ತಾನೆ, ಮಾಂತ್ರಿಕರ ಲೋಕದಲ್ಲಿ ಹೆಂಗಸರ ಪಾಡೇನು ಎಂದು ತಮ್ಮ ಹಿಂದಿನ ಪುಸ್ತಕಗಳನ್ನೇ ಪ್ರಶ್ನಿಸಲು ಬಂದರು. ಗೆಡ್‌ಗೆ ಮಂತ್ರಶಕ್ತಿಯನ್ನು ವಾಪಸು ಕೊಡಲಿಲ್ಲ, ಆಡು ಕಾಯಲು ಹಚ್ಚಿದರು. ಕಳೆದದ್ದನ್ನು ಕಳೆದದ್ದಾಗಿಯೇ ಉಳಿಸಿಕೊಂಡು ಮುಂದುವರಿಯುವ ಕಥೆಗೆ ಮುಂದುವರಿಯುವ ಹಕ್ಕಿದೆ.

ಜೋರ್ಡಾನರ ಲೋಕ ಕಾಲಚಕ್ರದ ಮೇಲೆ ನಿಂತದ್ದು. ಏಳು ಯುಗಗಳು ತಿರುಗಿ ತಿರುಗಿ ಬರುತ್ತವೆ, ಜೀವಗಳು ಮತ್ತೆ ಹುಟ್ಟುತ್ತವೆ. ಕೃತ, ತ್ರೇತಾ, ದ್ವಾಪರ, ಕಲಿ ಎಂದು ಎಣಿಸುತ್ತ ಬೆಳೆದ ನಮಗೆ ಇದು ಅಪರಿಚಿತವಲ್ಲ, ನಮ್ಮ ಪರಂಪರೆಗಳಿಂದಲೂ ಅವರು ಎಳೆಗಳನ್ನು ತೆಗೆದುಕೊಂಡಿದ್ದಾರೆ. ಪ್ರತಿ ಸಂಪುಟದ ಮೊದಲ ಅಧ್ಯಾಯ ಒಂದು ಗಾಳಿ ಏಳುವುದರಿಂದ ತೊಡಗುತ್ತದೆ. ಚಕ್ರಕ್ಕೆ ಆರಂಭವೆಂಬುದಿಲ್ಲವಾದರೂ ಇದೂ ಒಂದು ಆರಂಭವೇ ಎಂದು ಲೇಖಕ ಪ್ರತಿ ಸಲ ಹೇಳುತ್ತಾರೆ, ಕೊನೆಯಲ್ಲಿ ಅದೇ ಧಾಟಿಯಲ್ಲಿ ಒಂದು ಅಂತ್ಯವನ್ನು ಒಪ್ಪಿಕೊಳ್ಳುತ್ತಾರೆ. ಚಕ್ರ ನಿಲ್ಲುವುದಿಲ್ಲ ಎಂದು ನಂಬಿದ ಲೇಖಕನೂ ಕಥೆ ನಿಲ್ಲಬೇಕೆಂಬುದನ್ನು ಬಲ್ಲ. ಕಾಲಕ್ಕೆ ಕೊನೆಯಿಲ್ಲದಿರಬಹುದು, ಹೇಳುವವನ ಆಯುಸ್ಸಿಗೂ ಕೇಳುವವನ ಆಯುಸ್ಸಿಗೂ ಇದೆ.

ಲೇಖಕನಿಗೆ ಓದುಗನ ಋಣವಿದ್ದಂತೆ ಓದುಗನಿಗೂ ಕಥೆಯ ಋಣವಿದೆ. ಮುಗಿಸುವುದು ಲೇಖಕನ ಪಾಲಿನದು, ಮುಗಿಯಲು ಬಿಡುವುದು ನಮ್ಮ ಪಾಲಿನದು. ಮೆಚ್ಚಿನ ಸರಣಿಯ ಕೊನೆಯ ಸಂಪುಟವನ್ನು ಓದದೆ ಕಪಾಟಿನಲ್ಲಿಟ್ಟು, ಓದಿದರೆ ಮುಗಿದುಹೋಗುತ್ತದಲ್ಲ ಎನ್ನುವವರು ಕಡಿಮೆಯಿಲ್ಲ. ಆ ಪ್ರೀತಿ ಅರ್ಥವಾಗುತ್ತದೆ, ಆದರೆ ಅದು ಕಥೆಗೆ ಮಾಡುವ ಉಪಕಾರವಲ್ಲ. ಓದದೆ ಬಿಟ್ಟ ಕೊನೆಯಲ್ಲಿ ಫ್ರೋಡೊನ ಗಾಯವೂ ಇಲ್ಲ, ರ‍್ಯಾಂಡ್‌ನ ಆಯ್ಕೆಯೂ ಇಲ್ಲ. ಅವರು ಏನನ್ನು ತೆತ್ತು ಏನನ್ನು ಉಳಿಸಿದರೆಂಬುದೂ ಇಲ್ಲ. ನಿಮ್ಮ ಕಪಾಟಿನಲ್ಲೂ ಅಂಥದೊಂದು ಸಂಪುಟವಿದ್ದರೆ ಅದನ್ನು ಕೆಳಗಿಳಿಸಿ, ಓದಿ ಮುಗಿಸಿ. ಮತ್ತೆ ಬೇಕೆನಿಸಿದಾಗ ಎಂಟನೆಯ, ಹದಿನೈದನೆಯ ಸಂಪುಟಕ್ಕಾಗಿ ಕೈಚಾಚಬೇಡಿ, ಮೊದಲನೆಯದನ್ನು ಮತ್ತೆ ತೆರೆಯಿರಿ. ಕೊನೆ ತಿಳಿದವನಿಗೇ ಮೊದಲಿನ ಅರ್ಥ ಪೂರ್ತಿಯಾಗಿ ದಕ್ಕುತ್ತದೆ.